ಒಂದು ಗಂಟೆಯ ಪರದೇಶ

ನೆರೆಮನೆಯವರ ಯೋಗಕ್ಷೇಮವನ್ನು ದೂರದ ನೆಂಟರ ಬಾಯಿಂದ ಕೇಳಿ ತಿಳಿಯುವ ಗೃಹಸ್ಥನನ್ನು ವಿವೇಕಿಯೆಂದು ಯಾರೂ ಕರೆಯಲಾರರು. ಲಂಡನ್, ಸಿಂಗಪುರಗಳ ಬೀದಿಗಳನ್ನು ಬಲ್ಲ ನಮ್ಮ ವಿದ್ಯಾವಂತರಲ್ಲಿ ಶ್ರೀಲಂಕೆಯ ಉತ್ತರ ತೀರವನ್ನು ಕಂಡವರೆಷ್ಟು ಮಂದಿ? ಈ ಆಕ್ಷೇಪವು ನಮಗೂ ಸಲ್ಲತಕ್ಕದ್ದಾದುದರಿಂದ, ಅಲ್ಪ ದರದ ವಿಮಾನವೊಂದರಲ್ಲಿ ಚೆನ್ನೈಯಿಂದ ಜಾಫ್ನಾ ಪಟ್ಟಣಕ್ಕೆ ಹೋಗಿಬಂದೆವು.

ವಿಮಾನಯಾನವು ಧನಿಕರ ಸೊತ್ತಲ್ಲವೆಂದು ನಮ್ಮ ದೇಶಕ್ಕೆ ತೋರಿಸಿಕೊಟ್ಟವರು ಕನ್ನಡಿಗರೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆಯು 2003ರಲ್ಲಿ ಬೆಂಗಳೂರಿನಿಂದ ಹಾರಾಟವನ್ನಾರಂಭಿಸಿತು. ಆ ಸಂಸ್ಥೆ ಬಹುಕಾಲ ಬಾಳಲಿಲ್ಲ. ಅದರ ತತ್ತ್ವ ಬಾಳಿತು. ಊಟವನ್ನೂ ಹೆಚ್ಚಿನ ಸಾಮಾನನ್ನೂ ಬೇಕಾದವರು ಬೇರೆ ಹಣ ತೆತ್ತು ಪಡೆಯಲಿ, ಆಸನವೊಂದು ಮಾತ್ರ ಎಲ್ಲರ ಕೈಗೆಟುಕಲಿ ಎಂಬುದೇ ಆ ತತ್ತ್ವ.

ಅದರ ಕಾಠಿಣ್ಯವನ್ನು ತಕ್ಕಡಿಯ ಬಳಿ ಕಂಡೆವು. ನಮ್ಮ ಮುಂದೆ ನಿಂತಿದ್ದ ಜಾಫ್ನಾದ ವೃದ್ಧೆಯೊಬ್ಬರು ಮೊಮ್ಮಗಳ ಮದುವೆಗೆಂದು ತ್ಯಾಗರಾಯನಗರದಲ್ಲಿ ಸೀರೆಗಳನ್ನು ಕೊಂಡಿದ್ದರು. ಗಂಟು ಮೂರು ಕಿಲೋ ಹೆಚ್ಚಾಯಿತು. ಗುಮಾಸ್ತನು ನಿಯಮವನ್ನು ಬಿಡಲೊಲ್ಲ. ಆಕೆ ಗಂಟನ್ನು ಬಿಚ್ಚಿ, ಎರಡು ಸೀರೆಗಳನ್ನು ಹೆಗಲಮೇಲೆ ಹಾಕಿಕೊಂಡು, ಉಳಿದ ಭಾರಕ್ಕೆ ಹಣ ಎಣಿಸಿಕೊಟ್ಟರು.

ಎಪ್ಪತ್ತು ಚಿಲ್ಲರೆ ಆಸನಗಳ ಪುಟ್ಟ ಪಂಕದ ವಿಮಾನವದು. ನಿಲ್ದಾಣದಲ್ಲಿ ಕಾದ ಹೊತ್ತು ಮೂರು ಗಂಟೆ. ಆಕಾಶದಲ್ಲಿದ್ದುದು ಒಂದು ಗಂಟೆಗಿಂತ ತುಸು ಹೆಚ್ಚು. ಸಮುದ್ರ ಕಂಡಿತೆನ್ನುವಷ್ಟರಲ್ಲಿ ಮುಗಿದು, ತಾಳೆಮರಗಳ ಸಮತಟ್ಟು ನೆಲ ಕೆಳಗೆ ಬಂದಿತು. ಪಕ್ಕದಲ್ಲಿಯೇ ಕುಳಿತಿದ್ದ ಆ ವೃದ್ಧೆಯನ್ನು ನಮ್ಮ ಹರಕು ತಮಿಳಿನಲ್ಲಿ ಮಾತನಾಡಿಸಿದೆವು. "ಅಯ್ಯಾ, 1990ರಲ್ಲಿ ಈ ನೀರನ್ನು ದಾಟಲು ಪ್ರಾಣವನ್ನು ಕೈಯಲ್ಲಿ ಹಿಡಿದು ರಾತ್ರಿ ದೋಣಿ ಹತ್ತಿದ್ದೆವು. ಇಂದು ನನಗೆ ಸೀರೆಯ ಭಾರದ್ದೊಂದೇ ಚಿಂತೆ" ಎಂದರು.

ಈ ಮಾತಿನ ಹಿಂದಿರುವ ಚರಿತ್ರೆಯನ್ನು ವಾಚಕರು ಮರೆಯಲಾಗದು. 1914ರಿಂದ ಮದರಾಸಿನ ರೈಲೂ ಧನುಷ್ಕೋಟಿಯ ಹಡಗೂ ಕೂಡಿ ಜನರನ್ನು ತಲೈಮನ್ನಾರಿಗೆ ಮುಟ್ಟಿಸುತ್ತಿದ್ದುವು. 1947ರ ಡಿಸೆಂಬರಿನಲ್ಲಿ ಸಿಂಹಳದ ಮೊದಲ ವಿಮಾನಸೇವೆ ಜಾಫ್ನಾದ ಮಾರ್ಗವಾಗಿಯೇ ಮದರಾಸಿಗೆ ಬಂದಿತು. 1964ರ ಚಂಡಮಾರುತವು ಧನುಷ್ಕೋಟಿಯನ್ನು ನುಂಗಿತು. 1983ರಿಂದ 2009ರವರೆಗಿನ ಯುದ್ಧವು ಉಳಿದುದನ್ನು ನುಂಗಿತು. ನಾವಿಳಿದ ಪಳಾಲಿ ನಿಲ್ದಾಣದಲ್ಲಿಯೇ 1987ರಲ್ಲಿ ನಮ್ಮ ಸೈನಿಕರು ಇಳಿದಿದ್ದರು. ಮೂರು ವರ್ಷಗಳಲ್ಲಿ ಸಹಸ್ರಕ್ಕೂ ಮಿಕ್ಕ ಯೋಧರು ಆ ದ್ವೀಪದಲ್ಲಿ ಮಡಿದರು. ಊರಿನ ನಿರಪರಾಧಿಗಳೂ ಮಡಿದರು. ಸೈನ್ಯ ಹೋಗಬಲ್ಲ ದಾರಿಯಲ್ಲಿ ನೆಂಟರು ಹೋಗಲಾರದ ಕಾಲವದು. 2019ರ ಅಕ್ಟೋಬರಿನಲ್ಲಿ ಪಳಾಲಿಯು ಅಂತರರಾಷ್ಟ್ರೀಯ ನಿಲ್ದಾಣವಾಯಿತು. ಮರುವರ್ಷವೇ ಸಾಂಕ್ರಾಮಿಕ ರೋಗದಿಂದ ನಿಂತುಹೋದ ಸಂಚಾರವು 2022ರ ಡಿಸೆಂಬರಿನಲ್ಲಿ ಪುನಃ ಮೊದಲಾಯಿತು.

ಪಟ್ಟಣದಲ್ಲಿ ನಾವು ಮೊದಲು ನೋಡಹೋದುದು ಸಾರ್ವಜನಿಕ ಗ್ರಂಥಾಲಯವನ್ನು. 1981ರಲ್ಲಿ ದುರುಳರು ಇದಕ್ಕೆ ಬೆಂಕಿಯಿಟ್ಟಾಗ ಓಲೆಗರಿಗಳೂ ಸೇರಿ 90,000ಕ್ಕೂ ಹೆಚ್ಚು ಗ್ರಂಥಗಳು ಬೂದಿಯಾದುವು. ಇಂದು ಪುನರ್ನಿರ್ಮಿತವಾದ ಬಿಳಿಯ ಕಟ್ಟಡದ ಮುಂದೆ ಸರಸ್ವತಿಯ ಮೂರ್ತಿಯಿದೆ. ಒಳಗೆ ಮಕ್ಕಳು ತಲೆತಗ್ಗಿಸಿ ಓದುತ್ತಿದ್ದರು. ಅಕ್ಷರವನ್ನೇ ನಂಬಿ ಬಾಳುವ ನಮಗೆ ಅಲ್ಲಿ ಮಾತು ಹೊರಡಲಿಲ್ಲ.

ಈ ಪುಟ್ಟ ವಿಮಾನವು ವಿಲಾಸಿಗಳ ವಿನೋದವಲ್ಲ, ಎರಡು ಜನಾಂಗಗಳ ನಡುವಣ ಸೇತುವೆ ಎಂಬುದು ನಮ್ಮ ಅಭಿಪ್ರಾಯ. ಸೇತುವೆಯನ್ನು ಲಾಭನಷ್ಟದಿಂದ ಮಾತ್ರವೇ ಅಳೆಯಲಾಗದು. ನಿಲ್ದಾಣದ ಶುಲ್ಕಗಳು ದಾರಿಯ ಉದ್ದವನ್ನು ನೋಡುವುದಿಲ್ಲ. ಸಾವಿರಾರು ಮೈಲಿ ಹೋಗುವವನಿಗೆ ಹಗುರವಾದ ಶುಲ್ಕವೇ ಒಂದು ಗಂಟೆಯ ಪ್ರಯಾಣಿಕನಿಗೆ ಹೊರೆಯಾಗುತ್ತದೆ. ಸಮೀಪದ ದೇಶಕ್ಕೆ ಹೋಗುವ ಬಡವನೇ ಹೀಗೆ ಹೆಚ್ಚಿನ ಪಾಲನ್ನು ತೆರಬೇಕಾಗಿದೆ. ಉಭಯ ಸರ್ಕಾರಗಳೂ ಇಂಥ ಅಲ್ಪದೂರದ ಮಾರ್ಗಗಳಲ್ಲಿ ಶುಲ್ಕವನ್ನಿಳಿಸಿ, ಕಾಗದಪತ್ರಗಳ ತೊಡಕನ್ನು ಸಡಿಲಿಸುವುದು ಅವಶ್ಯ. ನಮ್ಮ ವಾಚಕರೂ ತಮ್ಮ ರಜೆಯ ನಾಲ್ಕು ದಿನಗಳನ್ನು ಈ ನೆರೆಯವರಿಗೆ ಮೀಸಲಿಡಲಿ. ಆ ವೃದ್ಧೆಗೆ ಸೀರೆಯ ಭಾರಕ್ಕಿಂತ ದೊಡ್ಡ ಚಿಂತೆಯು ಮರಳಿ ಬಾರದಂತೆ ನೋಡಿಕೊಳ್ಳುವುದು ಸರ್ಕಾರಗಳ ಕರ್ತವ್ಯ ಮಾತ್ರವಲ್ಲ, ನಮ್ಮದೂ ಅಹುದು.