ಚಿನ್ನದ ಗಣಿಯ ಸ್ವಯಂಸೇವಕ ಸೈನಿಕ

‘ಸ್ವಯಂಸೇವಕ’ ಎಂಬ ಮಾತು ಕನ್ನಡದಲ್ಲಿ ಇಂದು ಬಲು ಸೌಮ್ಯವಾದ ಅರ್ಥದಲ್ಲಿ ಬಳಕೆಯಾಗುತ್ತಿರುವುದು. ಜಾತ್ರೆಯಲ್ಲಿ ಜನಸಂದಣಿಯನ್ನು ಸಾಲುಗೊಳಿಸುವವನೂ, ಸಮ್ಮೇಳನದಲ್ಲಿ ಅತಿಥಿಗಳಿಗೆ ದಾರಿ ತೋರುವವನೂ, ನೆರೆ ಬರಗಳ ಕಾಲದಲ್ಲಿ ಗಂಜಿ ಹಂಚುವವನೂ ಈ ಹೆಸರಿಗೆ ಪಾತ್ರರು. ಆದರೆ ಈ ಮಾತು ಯಾವ ಇಂಗ್ಲಿಷ್ ಶಬ್ದಕ್ಕೆ ಪ್ರತಿಯಾಗಿ ನಿಂತಿತೋ ಆ ‘ವಾಲಂಟಿಯರ್’ ಎಂಬುದು ಮೂಲತಃ ಸೈನ್ಯದ ಪರಿಭಾಷೆಗೆ ಸೇರಿದುದು. ಕರೆಯದೆ ಬಂದವನು, ಸಂಬಳಕ್ಕಾಗಿಯಲ್ಲದೆ ಆಯುಧ ಹಿಡಿದವನು ಎಂಬುದು ಅದರ ಹಳೆಯ ತಾತ್ಪರ್ಯ. ಈ ಅರ್ಥದ ಸ್ವಯಂಸೇವಕನು ಕೋಲಾರದ ಚಿನ್ನದ ಗಣಿಗಳ ಪ್ರದೇಶದಲ್ಲಿ ಸುಮಾರು ನಾಲ್ಕೂವರೆ ದಶಕಗಳ ಕಾಲ ಇದ್ದನು. ಅವನು ಯಾರು, ತನ್ನವರಲ್ಲಿ ಯಾವ ಬಗೆಯ ಕಟ್ಟುಪಾಡನ್ನು ನಡೆಸಿದನು, ಯಾರನ್ನು ಕಾಯಲು ನಿಂತನು ಎಂಬುದನ್ನು ವಿಚಾರಿಸುವುದು ಆ ಊರಿನ ಚರಿತ್ರೆಗೂ ಈ ಮಾತಿನ ಚರಿತ್ರೆಗೂ ಉಪಕಾರಕವಾದುದು.

ಸ್ವಯಂಪ್ರೇರಣೆಯಿಂದ ಕಾದುವವನ ಪರಿಚಯ ಈ ನೆಲಕ್ಕೆ ಹೊಸದಲ್ಲ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾದುದು, ಅದರಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಶತ್ರುಗಳು ದನಗಳನ್ನು ಹೊಡೆದುಕೊಂಡು ಹೋದಾಗ ‘ತುರುಗೋಳ್’, ಊರಿಗೆ ಮುತ್ತಿಗೆ ಬಂದಾಗ ‘ಊರಳಿವು’, ಹೆಂಗಸರ ಮೊರೆ ಕೇಳಿದಾಗ ‘ಪೆಣ್ಬುಯ್ಯಲ್’ ಎಂದು ಸಂದರ್ಭಗಳನ್ನು ಹೆಸರಿಸುವ ಶಾಸನಭಾಷೆಯೇ ನಮ್ಮ ಪೂರ್ವಿಕರು ಇಂತಹ ಮರಣಗಳನ್ನು ಎಷ್ಟು ನಿಷ್ಕೃಷ್ಟವಾಗಿ ವಿಂಗಡಿಸಿದ್ದರೆಂಬುದಕ್ಕೆ ಸಾಕ್ಷಿ. ಒಡೆಯನ ಅನ್ನದ ಋಣವನ್ನು ತೀರಿಸುವ ‘ಜೋಳವಾಳಿ’ಯೂ, ಒಡೆಯನೊಡನೆ ಸಾಯುವ ಪ್ರತಿಜ್ಞೆಯಾದ ‘ವೇಳೆವಾಳಿ’ಯೂ ಸೇವಕಧರ್ಮಗಳು, ಅವುಗಳಲ್ಲಿ ಬಂಧನವುಂಟು. ಕೂಗನ್ನು ಕೇಳಿ ಹೊಲದಿಂದಲೇ ಓಡಿದ ಊರಿನವನಿಗಾದರೋ ಊರವನಾಗಿರುವುದೊಂದೇ ಬಂಧನ. ಸತ್ತವನ ಮನೆತನಕ್ಕೆ ಸಮುದಾಯವು ‘ಕಲ್ನಾಡು’, ‘ನೆತ್ತರುಗೊಡಗೆ’ ಎಂಬ ಹೆಸರುಗಳಲ್ಲಿ ಭೂಮಿಯನ್ನು ಕೊಟ್ಟು, ಅವನ ಕದನವನ್ನೂ ಸ್ವರ್ಗಾರೋಹಣವನ್ನೂ ಕಲ್ಲಿನಲ್ಲಿ ಕೊರೆಯಿಸುತ್ತಿತ್ತು. ಕಾದವನು, ಕಾಯಲ್ಪಟ್ಟವರು, ನೆನೆದವರು ಒಂದೇ ಊರಿನವರೆಂಬುದು ಇಲ್ಲಿ ಗಮನಿಸತಕ್ಕ ಅಂಶ.

ಗಣಿಗಳ ಹೊಸ ಚರಿತ್ರೆಯೂ ಸೈನಿಕರಿಂದಲೇ ಪ್ರಾರಂಭವಾಗುತ್ತದೆ. ಶ್ರೀರಂಗಪಟ್ಟಣದ ಪತನಾನಂತರ ಮೈಸೂರಿನ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನು 1802ರಲ್ಲಿ ಉರಿಗಾಂ, ಮಾರಿಕುಪ್ಪಂ ಗ್ರಾಮಗಳ ಸುತ್ತಿನ ಮಣ್ಣಿನಲ್ಲಿ ಚಿನ್ನವಿರುವುದನ್ನು ಪರೀಕ್ಷಿಸಿ ವರದಿ ಮಾಡಿದನು. ಏಳು ದಶಕಗಳ ತರುವಾಯ, ನ್ಯೂಜಿಲೆಂಡಿನ ಯುದ್ಧದಲ್ಲಿ ಭಾಗವಹಿಸಿ ಬೆಂಗಳೂರಿನಲ್ಲಿ ನೆಲಸಿದ್ದ ಮೈಕೇಲ್ ಲ್ಯಾವೆಲ್ ಎಂಬ ಮಾಜಿ ಸೈನಿಕನು ಆ ವರದಿಯಿಂದ ಪ್ರೇರಿತನಾಗಿ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿಯನ್ನು ಸಲ್ಲಿಸಿ, 1875ರಲ್ಲಿ ಗಣಿಯ ಹಕ್ಕನ್ನು ಪಡೆದನು. ಹಣ ಸಾಲದೆ ಆ ಹಕ್ಕು ಮತ್ತೊಬ್ಬ ಸೇನಾಧಿಕಾರಿಯಾದ ಬೆರೆಸ್‌ಫರ್ಡ್ ಮತ್ತು ಅವನ ಸಂಗಡಿಗರ ಕೈಸೇರಿತು. ಜಾನ್ ಟೇಲರ್ ಸಂಸ್ಥೆಯ ಆಡಳಿತದಲ್ಲಿ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮೊದಲಾದ ಗಣಿಗಳು ಏಳಿಗೆಗೆ ಬಂದುದು ತರುವಾಯದ ಸಂಗತಿ.

ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ 1864ರ ರೈಲುದಾರಿಯ ಮೇಲಿದ್ದ ಬೌರಿಂಗ್‌ಪೇಟೆಯಿಂದ ಗಣಿಗಳಿಗೆ 1894ರಲ್ಲಿ ಸುಮಾರು ಹತ್ತು ಮೈಲಿಗಳ ಕವಲುದಾರಿ ತೆರೆಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಎಲ್. ಬಿ. ಬೌರಿಂಗ್ ಅವರ ಹೆಸರನ್ನು ಹೊತ್ತ ಆ ಊರನ್ನು ಜನರು ತಮ್ಮ ನಾಲಗೆಗೆ ಒಗ್ಗಿಸಿಕೊಂಡು ‘ಬಂಗಾರಪೇಟೆ’ ಎಂದರು. ಚಿನ್ನದ ನೆರೆಹೊರೆ ಆ ಮಾರ್ಪಾಟಿಗೆ ಅರ್ಥವನ್ನೂ ಒದಗಿಸಿತು. ಪರಭಾಷೆಯ ಶಬ್ದವು ಊರಿನ ಅನುಭವಕ್ಕೆ ತಕ್ಕಂತೆ ಹೊಸ ಜನ್ಮವನ್ನು ತಾಳುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದುರ್ಲಭ. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿಗಳ ತಂತಿಯ ಮೂಲಕ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ಆ ವೇಳೆಗೆ ಗಣಿಪ್ರದೇಶದ ಜನಸಂಖ್ಯೆ ಸುಮಾರು 38,000ಕ್ಕೆ ಏರಿದ್ದಿತು. ಇವರಲ್ಲಿ ಬಹುಮಂದಿ ಉತ್ತರ ಆರ್ಕಾಡು, ಸೇಲಂ ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ಕಾರ್ಮಿಕರು ಮತ್ತು ಸುತ್ತಿನ ತೆಲುಗು, ಕನ್ನಡ ಗ್ರಾಮಗಳವರು. ಅವರ ಮೇಲೆ ಅಧಿಕಾರ ನಡೆಸುತ್ತಿದ್ದವರು ಅಲ್ಪಸಂಖ್ಯರಾದ ಬ್ರಿಟಿಷರು, ಇಟಲಿಯವರು ಮತ್ತು ಆಂಗ್ಲೋ-ಇಂಡಿಯನ್ನರು. ಬಂಗಲೆಗಳ ಸಾಲು ಒಂದು ಕಡೆ, ತಟ್ಟಿ ತಗಡುಗಳ ‘ಲೈನು’ಗಳು ಇನ್ನೊಂದು ಕಡೆ.

ಇಂತಹ ಸ್ಥಳದಲ್ಲಿ 1903ರಲ್ಲಿ ‘ಕೋಲಾರ್ ಗೋಲ್ಡ್ ಫೀಲ್ಡ್ಸ್ ರೈಫಲ್ ವಾಲಂಟಿಯರ್ಸ್’ ಎಂಬ ಪಡೆ ರೂಪುಗೊಂಡಿತು. 1857ರ ದಂಗೆಯ ಅನುಭವದಿಂದ ಭೀತರಾದ ಬ್ರಿಟಿಷರು ರೈಲು, ತೋಟ, ಗಿರಣಿ, ಬಂದರುಗಳಲ್ಲಿ ಕೆಲಸಮಾಡುವ ತಮ್ಮ ಜನರಿಗೆ ಆಯುಧಾಭ್ಯಾಸ ಮಾಡಿಸತೊಡಗಿದ್ದರು. 1869ರ ವಾಲಂಟಿಯರ್ ಕಾನೂನು ಇದಕ್ಕೆ ಆಧಾರವನ್ನು ಕಲ್ಪಿಸಿತು. ಬೆಂಗಳೂರಿನಲ್ಲಿ 1868ರಲ್ಲಿಯೇ ಅಂತಹ ಪಡೆಯೊಂದು ಏರ್ಪಟ್ಟಿದ್ದಿತು. ಗಣಿಗಳಿದ್ದುದು ಮೈಸೂರು ಮಹಾರಾಜರ ರಾಜ್ಯದಲ್ಲಿ. 1881ರಲ್ಲಿ ರಾಜ್ಯವನ್ನು ಮರಳಿ ಒಪ್ಪಿಸಿದ ಕರಾರುಪತ್ರವು ಮಹಾರಾಜರ ಸೈನ್ಯದ ಸಂಖ್ಯೆಗೆ ಮಿತಿಯನ್ನು ವಿಧಿಸಿದ್ದಿತು. ಆದಕಾರಣ ಮೈಸೂರಿನ ನೆಲದಲ್ಲಿ ಮೈಸೂರಿನದಲ್ಲದ ಒಂದು ಶಸ್ತ್ರಧಾರಿ ಸಮುದಾಯವು ನಿಂತಂತಾಯಿತು.

ಈ ಸ್ವಯಂಸೇವಕನ ಜೀವನಕ್ಕೆ ಎರಡು ಮುಖಗಳು. ದಿನದ ಹೊತ್ತಿನಲ್ಲಿ ಅವನು ಗಣಿಯ ಎಂಜಿನಿಯರು, ಗುಮಾಸ್ತ, ಮೇಸ್ತ್ರಿ ಅಥವಾ ಯಂತ್ರಶಾಲೆಯ ಕೆಲಸಗಾರ. ಬಿಡುವಿನಲ್ಲಿ ಕವಾಯತಿನ ಮೈದಾನದಲ್ಲಿ ಕೋವಿ ಹಿಡಿದ ಸಿಪಾಯಿ. ಸಂಬಳದ ಸೈನ್ಯದಲ್ಲಿ ಆಜ್ಞೆಯ ಹಿಂದೆ ಜೀವನೋಪಾಯವೂ ದಂಡನೆಯೂ ನಿಂತಿರುತ್ತವೆ. ಇಷ್ಟಪಟ್ಟು ಬಂದವನು ಇಷ್ಟವಿಲ್ಲದಾಗ ಬಿಟ್ಟು ಹೋಗಬಹುದಾದ ಪಡೆಯಲ್ಲಿ ಶಿಸ್ತನ್ನು ಕಾಪಾಡುವುದು ಸುಲಭಸಾಧ್ಯವಲ್ಲ. ಇದಕ್ಕಾಗಿ ಇಂತಹ ಪಡೆಗಳಲ್ಲಿ ಮೂರು ಉಪಾಯಗಳು ರೂಢಿಯಲ್ಲಿದ್ದುವು.

ಮೊದಲನೆಯದು ಲೆಕ್ಕ. ವರ್ಷದಲ್ಲಿ ಗೊತ್ತಾದಷ್ಟು ಕವಾಯತುಗಳಿಗೆ ಹಾಜರಾಗಿ, ಗುರಿಯೆಸೆತದಲ್ಲಿ ನಿಯತವಾದ ಮಟ್ಟವನ್ನು ಮುಟ್ಟಿದವನು ಮಾತ್ರ ‘ದಕ್ಷ’ನೆಂದು ಪರಿಗಣಿತನಾಗುತ್ತಿದ್ದನು. ಸರ್ಕಾರವು ಪಡೆಗೆ ಕೊಡುತ್ತಿದ್ದ ಸಹಾಯಧನವು ದಕ್ಷರ ತಲೆಯೆಣಿಕೆಯನ್ನು ಅವಲಂಬಿಸಿದ್ದುದರಿಂದ, ಒಬ್ಬನು ತಪ್ಪಿಸಿಕೊಂಡರೆ ಪಡೆಗೆಲ್ಲ ನಷ್ಟ. ಹೀಗೆ ಸಂಗಡಿಗರ ಕಣ್ಣೇ ಕಾವಲಾಯಿತು. ಎರಡನೆಯದು ಮಾನ. ದೀರ್ಘಕಾಲದ ಸೇವೆಯನ್ನು ಪೂರೈಸಿದ ಅಧಿಕಾರಿಗಳಿಗೆ ಒಂದು ಪದಕ, ಉಳಿದವರಿಗೆ ಇನ್ನೊಂದು ಪದಕ. ಮೂರನೆಯದು ಮಧ್ಯಸ್ಥಿಕೆ. ಪಡೆಯ ನಾಯಕನು ಸ್ವಯಂಸೇವಕನೇ ಆಗಿದ್ದರೂ, ಅಡ್ಜುಟೆಂಟನೂ ಕವಾಯತನ್ನು ಕಲಿಸುವ ಸಾರ್ಜೆಂಟರೂ ಸಂಬಳದ ಸೈನ್ಯದಿಂದ ಬಂದವರು. ಊರಿನ ಒಳಜಗಳ, ಹೊರೆಕೆಲಸ, ಹಗೆ ಸ್ನೇಹಗಳಿಗೆ ಹೊರಗಿನವರಾದ ಇವರು ಹಾಜರಿಪಟ್ಟಿಯನ್ನು ನೋಡಿಕೊಳ್ಳುತ್ತಿದ್ದರು. ಸಮಾನರ ನಡುವೆ ಅಧಿಕಾರ ನಡೆಸಬೇಕಾದ ಸ್ವಯಂಸೇವಕ ನಾಯಕನ ಕಷ್ಟವನ್ನು ಬಲ್ಲವರೇ ಈ ಏರ್ಪಾಡನ್ನು ಕಲ್ಪಿಸಿದರೆಂದು ತೋರುತ್ತದೆ. ಆಜ್ಞೆಯು ನೆರೆಯವನದಾದರೆ ಅಭಿಮಾನಕ್ಕೆ ಚುಚ್ಚುವುದು, ನಿಯಮದ್ದಾದರೆ ಸಹ್ಯವಾಗುವುದು.

ಈ ಸಂಸ್ಥೆಯ ಸ್ವಭಾವವನ್ನು ಬಯಲಿಗೆಳೆದುದು ಮೊದಲನೆಯ ಮಹಾಯುದ್ಧ. 1917ರ ಭಾರತ ರಕ್ಷಣಾ ಪಡೆಯ ಕಾನೂನು ಯುದ್ಧವಯಸ್ಸಿನ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೆ ಸೇವೆಯನ್ನು ಕಡ್ಡಾಯಗೊಳಿಸಿತು. ಭಾರತೀಯರಿಗೆ ಮಾತ್ರ ಇಚ್ಛೆಯಿದ್ದರೆ ಸೇರುವ ಅವಕಾಶವನ್ನು ಕೊಟ್ಟಿತು. ಹೆಸರಿನಿಂದ ಸ್ವಯಂಸೇವಕನಾಗಿದ್ದವನು ಕಾನೂನಿನಿಂದ ಬದ್ಧನಾದನು. ಹೊರಗಿದ್ದವನೇ ಆ ಹೊತ್ತಿಗೆ ನಿಜವಾದ ಸ್ವಯಂಸೇವಕನಾದನು. ಅದೇ ಯುದ್ಧದಲ್ಲಿ ಮೈಸೂರು ಸಂಸ್ಥಾನದ ಕುದುರೆಸವಾರರು 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರದಲ್ಲಿ ಹೋರಾಡಿ ಹೆಸರು ಗಳಿಸಿದರು. ಯುದ್ಧಾನಂತರ 1920ರಲ್ಲಿ ಎರಡು ಕಾನೂನುಗಳು ಹುಟ್ಟಿದುವು. ‘ಆಕ್ಸಿಲಿಯರಿ ಫೋರ್ಸ್’ ಐರೋಪ್ಯ ಬ್ರಿಟಿಷ್ ಪ್ರಜೆಗಳಿಗೂ ಆಂಗ್ಲೋ-ಇಂಡಿಯನ್ನರಿಗೂ, ‘ಟೆರಿಟೋರಿಯಲ್ ಫೋರ್ಸ್’ ಭಾರತೀಯರಿಗೂ ಮೀಸಲು. ಗಣಿಯ ಪಡೆಯು ಮೊದಲನೆಯದಕ್ಕೆ ಸೇರಿ ‘ಕೋಲಾರ್ ಗೋಲ್ಡ್ ಫೀಲ್ಡ್ಸ್ ಬೆಟಾಲಿಯನ್’ ಎನಿಸಿಕೊಂಡಿತು. ನೆಲದಾಳದಲ್ಲಿ ಸಿಡಿಮದ್ದನ್ನು ತುಂಬುವಷ್ಟು ನಂಬಿಕೆಗೆ ಪಾತ್ರನಾದ ಕಾರ್ಮಿಕನು ನೆಲದ ಮೇಲೆ ಕೋವಿ ಹಿಡಿಯುವ ನಂಬಿಕೆಗೆ ಪಾತ್ರನಾಗಲಿಲ್ಲ.

ಇದೇ ದಶಕದಲ್ಲಿ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ ಸ್ವಯಂಸೇವಕನೆಂಬ ಶಬ್ದಕ್ಕೆ ಬೇರೊಂದು ಅರ್ಥ ಕೂಡಿಬಂದಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ ಅವರು 1923ರಲ್ಲಿ ಹಿಂದೂಸ್ತಾನಿ ಸೇವಾದಳವನ್ನು ಕಟ್ಟಿದರು. 1924ರಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ವ್ಯವಸ್ಥೆಯ ಭಾರವನ್ನು ಸ್ವಯಂಸೇವಕರು ಹೊತ್ತರು. ಸಾಲು, ನಡಿಗೆ, ಆಜ್ಞೆ, ಸಮವಸ್ತ್ರ ಇವೆಲ್ಲವೂ ಸೈನ್ಯದವು. ಕೋವಿಯೊಂದು ಮಾತ್ರ ಇರಲಿಲ್ಲ. ಜನಸಮೂಹವನ್ನು ಅಂಕೆಯಲ್ಲಿಡುವ ಸಾಮರ್ಥ್ಯ ಆಯುಧದಲ್ಲಿಲ್ಲ, ಜನರು ಒಪ್ಪಿದ ನಿಯಮದಲ್ಲಿದೆ ಎಂಬುದನ್ನು ಈ ಪ್ರಯೋಗವು ತೋರಿಸಿಕೊಟ್ಟಿತು. ಇಂದಿನ ಕನ್ನಡದ ‘ಸ್ವಯಂಸೇವಕ’ನು ಗಣಿಯ ಮೈದಾನದವನ ವಂಶಕ್ಕಿಂತ ಈ ವಂಶಕ್ಕೆ ಹತ್ತಿರದವನು.

ಗಣಿಪ್ರದೇಶದಲ್ಲಿ ಸಂಘಟನೆಯ ಮತ್ತೊಂದು ರೂಪವು ಕಾರ್ಮಿಕರಿಂದಲೇ ಬಂದಿತು. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಸಾವಿರಾರು ಜನರು ಕೆಲಸವನ್ನು ನಿಲ್ಲಿಸಿದರು. ಚಿನ್ನದ ಕಳವನ್ನು ತಡೆಯುವ ನೆಪದಲ್ಲಿ ದುಡಿಯುವವರನ್ನೆಲ್ಲ ಅಪರಾಧಿಗಳಂತೆ ಗುರುತಿಸುವುದು ಅವರ ಮಾನಕ್ಕೆ ಕುಂದೆನಿಸಿದ್ದಿತು. 1946ರ ನವೆಂಬರಿನಲ್ಲಿ ಪೋಲೀಸರ ಗುಂಡಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಅವರ ನೆನಪನ್ನು ಗಣಿಯ ಜನರು ಇಂದಿಗೂ ಉಳಿಸಿಕೊಂಡಿದ್ದಾರೆ. ಹಳೆಯ ವೀರಗಲ್ಲಿನ ಸಂಪ್ರದಾಯವು ಬಂದು ಸೇರಿದುದು ಇಲ್ಲಿಗೆ ಎನ್ನಬಹುದು. ತಮ್ಮವರಿಗಾಗಿ ಸತ್ತವರನ್ನು ಸಮುದಾಯವು ತಾನಾಗಿ ನೆನೆಯಿತು. ದೀರ್ಘಕಾಲ ಕವಾಯತು ಮಾಡಿ ಪದಕವನ್ನು ಧರಿಸಿದ ಸ್ವಯಂಸೇವಕನ ಹೆಸರಾದರೋ ಊರಿನ ನಾಲಗೆಯ ಮೇಲೆ ನಿಲ್ಲಲಿಲ್ಲ. ಇದಕ್ಕೆ ಕಾರಣ ಅವನ ದೌರ್ಬಲ್ಯವಲ್ಲ. ಅವನಲ್ಲಿ ನಿಷ್ಠೆಯೂ ಶ್ರಮವೂ ಇದ್ದಿರಬಹುದು. ಅವನು ಕಾಯುತ್ತಿದ್ದ ‘ಊರು’ ಬಂಗಲೆಗಳ ಬೇಲಿಗೆ ಮುಗಿದುಹೋಗುತ್ತಿದ್ದಿತು.

1947ರ ಸ್ವಾತಂತ್ರ್ಯದೊಡನೆ ಆಕ್ಸಿಲಿಯರಿ ಫೋರ್ಸಿನ ಪಡೆಗಳೊಡನೆ ಗಣಿಯ ಬೆಟಾಲಿಯನ್ನೂ ವಿಸರ್ಜಿತವಾಯಿತು. 1948ರ ಕಾನೂನಿನಂತೆ 1949ರಲ್ಲಿ ಪ್ರಾರಂಭವಾದ ಟೆರಿಟೋರಿಯಲ್ ಆರ್ಮಿಯಲ್ಲಿ ಜನಾಂಗದ ಎಲ್ಲೆ ಇರಲಿಲ್ಲ. ಬೇರೆ ವೃತ್ತಿಯಲ್ಲಿದ್ದುಕೊಂಡೇ ದೇಶಸೇವೆ ಮಾಡಲಿಚ್ಛಿಸುವ ನಾಗರಿಕನಿಗೆ ಬಾಗಿಲು ತೆರೆಯಿತು. ಕರ್ನಾಟಕದಲ್ಲಿ 1962ರ ಕಾನೂನಿನ ಆಧಾರದ ಮೇಲೆ ನಡೆಯುವ ಗೃಹರಕ್ಷಕ ದಳವೂ ಇದೇ ತತ್ತ್ವದ ಮೇಲೆ ನಿಂತುದು. ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೂ ಬಂದು, ಸುಮಾರು 3 ಕಿಲೋಮೀಟರುಗಳ ಆಳವನ್ನು ಮುಟ್ಟಿ, 2001ರ ಫೆಬ್ರವರಿ 28ರಂದು ಮುಚ್ಚಿದುವು. ರಕ್ಷಣಾ ಖಾತೆಯ ಅಧೀನದಲ್ಲಿರುವ ಬಿ.ಇ.ಎಂ.ಎಲ್. ಕಾರ್ಖಾನೆಯು ಅಲ್ಲಿ ಕೆಲಸ ನಡೆಸುತ್ತಿರುವುದರಿಂದ ಸೈನ್ಯದೊಡನೆ ಊರಿನ ಸಂಬಂಧ ಬೇರೊಂದು ಬಗೆಯಲ್ಲಿ ಉಳಿದುಬಂದಿದೆ.

ಮೇಲಿನ ಸಂಗತಿಗಳಿಂದ ಸ್ವಯಂಸೇವೆಯನ್ನು ತೂಗಿ ನೋಡಲು ಮೂರು ಪ್ರಶ್ನೆಗಳು ದೊರೆಯುತ್ತವೆ. ಬಾಗಿಲು ಯಾರಿಗೆ ತೆರೆದಿದೆ? ಕಾವಲು ಯಾರಿಗಾಗಿ? ಕಾಯುವವನನ್ನು ಅಂಕೆಯಲ್ಲಿಡುವ ನಿಯಮ ಯಾರದು? ವೀರಗಲ್ಲಿನ ಊರವನು ಮೊದಲ ಎರಡಕ್ಕೆ ಸಲೀಸಾಗಿ ಉತ್ತರ ಕೊಡುವನು. ಗಣಿಯ ರೈಫಲ್ ಸ್ವಯಂಸೇವಕನು ಮೂರನೆಯದಕ್ಕೆ ಸೊಗಸಾದ ಉತ್ತರವನ್ನು ರೂಪಿಸಿಕೊಂಡಿದ್ದರೂ ಮೊದಲ ಎರಡರಲ್ಲಿ ಸೋತನು. ಆದಕಾರಣ ಶಿಸ್ತು ಸ್ವಯಂಸೇವೆಗೆ ಆವಶ್ಯಕವಾದರೂ ಪರ್ಯಾಪ್ತವಲ್ಲ. ತಾನಾಗಿ ಬಂದವನೆಂಬ ಹೆಸರು ಸಾರ್ಥಕವಾಗಬೇಕಾದರೆ, ಬರಲಿಚ್ಛಿಸಿದ ನೆರೆಯವನಿಗೂ ಬರುವ ದಾರಿಯಿರಬೇಕು. ಬೌರಿಂಗ್‌ಪೇಟೆಯು ಬಂಗಾರಪೇಟೆಯಾದಂತೆ ವಾಲಂಟಿಯರನು ಸ್ವಯಂಸೇವಕನಾಗುವಾಗ ಕನ್ನಡವು ಶಬ್ದವನ್ನಷ್ಟೇ ಅಲ್ಲದೆ ಅರ್ಥವನ್ನೂ ತಿದ್ದಿಕೊಂಡಿತೆಂಬುದು ಈ ವಿಚಾರಣೆಯ ಫಲಿತಾಂಶ.