ಕುರಿ ಮೇಕೆಗಳು ಕಂದು ಹಾಕುವ ರೋಗವೂ ಅದರ ಮೂಲವನ್ನು ಗುರುತಿಸುವ ಕ್ರಮವೂ

ಭದ್ರಾವತಿ ಶಿವಮೊಗ್ಗಗಳ ನಡುವಣ ನಾಲೆಯ ಬಯಲಿನಲ್ಲಿ ಭತ್ತದ ಕೊಯಿಲು ಮುಗಿದೊಡನೆ ಮೂಡಣ ಸೀಮೆಯ ಕುರಿಗಾಹಿಗಳು ಮಂದೆಗಳನ್ನು ಹೊಡೆದುಕೊಂಡು ಬರುವುದೂ, ಜಮೀನುದಾರರು ಗೊಬ್ಬರಕ್ಕಾಗಿ ಅವುಗಳನ್ನು ಗದ್ದೆಗಳಲ್ಲಿ ತರುಬಿಸುವುದೂ ವಾಡಿಕೆ. ಬಳಿಕ ಊರಿನ ಮೇಕೆಗಳು ಕಂದು ಹಾಕಿದರೆ ದೋಷವೆಲ್ಲವೂ ಆ ಮಂದೆಗಳ ಮೇಲೆಯೇ ಬೀಳುತ್ತದೆ. ಸಂತೆಯಲ್ಲಿ ಅಗ್ಗವಾಗಿ ದೊರೆತ ಒಂದು ಗಬ್ಬದ ಮೇಕೆಯಿಂದಲೂ ಇದೇ ಅನಿಷ್ಟವು ಒದಗಬಹುದೆಂದು ಯೋಚಿಸುವವರು ವಿರಳ.

ಕಂದು ಬೀಳುವುದಕ್ಕೆ ಕಾರಣಗಳು ಹಲವುಂಟು. ಅವುಗಳಲ್ಲಿ ಭಯಂಕರವಾದುದು ಬ್ರುಸೆಲ್ಲ ಮೆಲಿಟೆನ್ಸಿಸ್ ಎಂಬ ಸೂಕ್ಷ್ಮಜೀವಿ. ಇದರಿಂದ ಗಬ್ಬದ ಕಡೆಯ ಎರಡು ತಿಂಗಳುಗಳಲ್ಲಿ ಕಂದು ಬೀಳುತ್ತದೆ. ಮಾಸಿನಲ್ಲಿಯೂ ಹಾಲಿನಲ್ಲಿಯೂ ರೋಗಬೀಜವಿರುವುದರಿಂದ, ಬರಿಗೈಯಿಂದ ಮುಟ್ಟಿದವರಿಗೂ ಹಸಿಹಾಲು ಕುಡಿದವರಿಗೂ ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವುಗಳು ತಗಲುವ ಭಯವುಂಟು. ಮಾಲ್ಟಾ ದ್ವೀಪದಲ್ಲಿ ಸಿಪಾಯಿಗಳನ್ನು ಕೊಲ್ಲುತ್ತಿದ್ದ ಈ ಜ್ವರದ ಬೀಜವನ್ನು ಡೇವಿಡ್ ಬ್ರೂಸ್ 1887ರಲ್ಲಿಯೇ ಪ್ರಕಟಪಡಿಸಿದರೂ, ಆರೋಗ್ಯವಾಗಿ ಕಾಣುವ ಮೇಕೆಗಳಲ್ಲಿಯೂ ಅದು ಅಡಗಿರುವುದೆಂದು ತಿಳಿದದ್ದು 1905ರಲ್ಲಿ.

ರಕ್ತದ ಸೀರಮ್ಮನ್ನು ರೋಸ್ ಬೆಂಗಾಲ್ ದ್ರವದೊಡನೆ ಬೆರೆಸುವ ಪರೀಕ್ಷೆ ಕೆಲವೇ ನಿಮಿಷಗಳ ಕೆಲಸ. ಗರಣೆ ಕಟ್ಟಿದರೆ ಸೋಂಕಿದೆಯೆಂದು ಶಂಕಿಸಬೇಕು. ಆದರೆ ಅದು ಎಲ್ಲಿಂದ ಬಂದಿತೆಂಬುದನ್ನು ಈ ಪರೀಕ್ಷೆಯು ಹೇಳಲಾರದು. ಅದಕ್ಕೆ ಸೂಕ್ಷ್ಮಜೀವಿಯ ಡಿ.ಎನ್.ಎ.ಯನ್ನೇ ಓದಬೇಕು. ಸುಮಾರು 33 ಲಕ್ಷ ಅಕ್ಷರಗಳ ಆ ಬರಹವು 2002ರಲ್ಲಿ ಪೂರ್ತಿಯಾಗಿ ಪ್ರಕಟವಾಯಿತು. ಅದರಲ್ಲಿ ಕೆಲವು ಸಣ್ಣ ತುಣುಕುಗಳು ಸಾಲಾಗಿ ಮರುಕಳಿಸುತ್ತವೆ. ಎಷ್ಟು ಸಲವೆಂಬುದು ಸಂತತಿಯಲ್ಲಿ ಒಮ್ಮೊಮ್ಮೆ ಬದಲಾಗುತ್ತದೆ. ಇಂಥ 16 ಸ್ಥಾನಗಳ ಎಣಿಕೆಯನ್ನು ಹೋಲಿಸಿ, ಎರಡು ಮಂದೆಗಳ ಸೋಂಕು ಒಂದೇ ಬಳ್ಳಿಯದೋ ಬೇರೆಯದೋ ಎಂದು ಅಳೆಯುತ್ತಾರೆ.

ಎಣಿಕೆಗಳು ಬಹಳ ಬೇರೆಯಾಗಿದ್ದರೆ ಕುರಿಗಾಹಿಯನ್ನು ದೂರುವುದು ಅನ್ಯಾಯ. ಒಂದೇ ಆಗಿದ್ದರೂ ಯಾರಿಂದ ಯಾರಿಗೆ ಹರಡಿತೆಂಬುದು ಪ್ರಯೋಗಶಾಲೆಯೊಂದರಿಂದಲೇ ತೀರ್ಮಾನವಾಗದು. ಮಂದೆ ಬಂದ ದಿನ, ಮೇಕೆ ಕೊಂಡ ಸಂತೆ, ಕಂದು ಬಿದ್ದ ತಾರೀಖು ಇವುಗಳ ಲೆಕ್ಕ ಬೇಕು. ಅದನ್ನು ಊರ ಮುಖಂಡರೇ ಬರೆಯಿಸಿಡತಕ್ಕದ್ದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ, ಬೆಂಗಳೂರಿನ ಯಲಹಂಕದಲ್ಲಿ ಪಶುರೋಗಗಳ ಹರಡುವಿಕೆಯನ್ನು ಪರಿಶೀಲಿಸುವ ರಾಷ್ಟ್ರೀಯ ಸಂಸ್ಥೆಯೂ ಇದ್ದರೂ, ಕಂದು ಬಿದ್ದ ಸುದ್ದಿಯನ್ನೇ ಮುಚ್ಚಿಟ್ಟರೆ ಅವುಗಳಿಂದೇನು ಫಲ?

ಮಾದರಿಗಳನ್ನು ಪಶುವೈದ್ಯರೇ ತೆಗೆಯತಕ್ಕದ್ದು. ಉಳಿದುದನ್ನು ಕೈಚೀಲ ತೊಟ್ಟು, ನಾಯಿಗಳು ಕೆದಕದಂತೆ ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳಿಸಬೇಕು. ಹಾಲನ್ನು ಕುದಿಸದೆ ಕುಡಿಯಲಾಗದು. ಕಂದು ಹಾಕಿದ ಮೇಕೆಯನ್ನು ಮುಂದಿನ ಸಂತೆಗೆ ಸಾಗಿಸುವ ಪದ್ಧತಿಯಂತೂ ರೋಗವನ್ನು ನೆರೆಯೂರಿಗೆ ಮಾರಿದಂತೆಯೇ ಸರಿ. ಹೊಸದಾಗಿ ಕೊಂಡ ಗಬ್ಬದ ಮೇಕೆಯನ್ನು ರಕ್ತಪರೀಕ್ಷೆಯಾದರೂ ಈಯುವವರೆಗೆ ಬೇರೆಯಾಗಿಯೇ ಕಟ್ಟಿಸುವುದು ಕ್ಷೇಮ.