ನಿಮಗಿದು ಗೊತ್ತೇ? ಹಾಡುವ ಕೊರಳು, ಮೀಟುವ ಬೆರಳು

ರಾಕ್ ಬ್ಯಾಂಡಿನ ಮುಖ್ಯ ಗಾಯಕರ ಹೆಗಲಲ್ಲಿ ತೂಗುವ ಗಿಟಾರ್ ಬರೀ ಅಲಂಕಾರ ಎಂದುಕೊಂಡವರು ಬಹಳ ಮಂದಿ. ಆದರೆ ಎಷ್ಟೋ ಹಾಡುಗಳ ಲಯದ ಭಾರ ಹೊರುವುದು ಆ ಕೈಯೇ. ಪಕ್ಕದಲ್ಲಿರುವ ಲೀಡ್ ಗಿಟಾರ್ ವಾದಕರು ಮಿಂಚಲು, ಡ್ರಮ್ಮರ್ ಹಿಡಿತ ಕಾಯ್ದುಕೊಳ್ಳಲು ಆಧಾರವೂ ಅದೇ. ಸಾವಿರಾರು ಜನರೆದುರು ಪದ ಮರೆಯದೆ, ಶ್ರುತಿ ತಪ್ಪದೆ ಹಾಡುತ್ತಾ, ಕೈಯನ್ನೂ ಬಿಡದೆ ನಡೆಸುವುದು ದೊಡ್ಡ ವಿದ್ಯೆ. ಆ ವಿದ್ಯೆಯ ಸುತ್ತಮುತ್ತಲಿನ ಕೆಲವು ಸಂಗತಿಗಳು ಇಲ್ಲಿವೆ.

ದಾರಿ ಹಾಕಿಕೊಟ್ಟವರು

● ಎಲೆಕ್ಟ್ರಿಕ್ ಗಿಟಾರ್ ಹೆಗಲಿಗೇರಿಸಿ ಹಾಡಿದ ಮೊದಲ ಸಾಲಿನವರಲ್ಲಿ ಒಬ್ಬ ಮಹಿಳೆ ಇದ್ದಾರೆ. ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ 1915ರಲ್ಲಿ ಹುಟ್ಟಿದ ಸಿಸ್ಟರ್ ರೊಸೆಟ್ಟಾ ಥಾರ್ಪ್ ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನ ಅಬ್ಬರದ ಜೊತೆ ಹಾಡಿದವರು. ಇನ್ನೂ 'ರಾಕ್ ಅಂಡ್ ರೋಲ್' ಮನೆಮಾತಾಗದ 1940ರ ದಶಕದಲ್ಲೇ ಅವರ ದನಿಯೂ ತಂತಿಯೂ ಜನಪ್ರಿಯವಾಗಿದ್ದವು.

● 1964ರ ಮೇ ತಿಂಗಳಲ್ಲಿ ಥಾರ್ಪ್ ಅವರ ಕಛೇರಿ ನಡೆದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಒಂದು ಪಾಳುಬಿದ್ದ ರೈಲು ನಿಲ್ದಾಣದಲ್ಲಿ. ಗ್ರಾನಡಾ ಟಿವಿಯವರು ಒಂದು ಪ್ಲಾಟ್‌ಫಾರ್ಮನ್ನು ವೇದಿಕೆ ಮಾಡಿ, ಹಳಿಯಾಚೆಗಿನ ಇನ್ನೊಂದು ಪ್ಲಾಟ್‌ಫಾರ್ಮಿನಲ್ಲಿ ಪ್ರೇಕ್ಷಕರನ್ನು ಕೂರಿಸಿದ್ದರು. ಮಳೆಗೆ ನೆಲವೆಲ್ಲ ಒದ್ದೆ. ಥಾರ್ಪ್ ಕುದುರೆಗಾಡಿಯಲ್ಲಿ ಬಂದಿಳಿದರು. ಉದ್ದನೆಯ ಕೋಟು ತೊಟ್ಟೇ ಬಿಳಿ ಗಿಟಾರನ್ನು ಹೆಗಲಿಗೆ ಹಾಕಿಕೊಂಡು, ಆ ದಿನಕ್ಕೆ ತಕ್ಕಂತೆ ಮಳೆಯ ಹಾಡನ್ನೇ ಎತ್ತಿಕೊಂಡರು. ಆ ಚಿತ್ರೀಕರಣ ಇಂದಿಗೂ ನೋಡಸಿಗುತ್ತದೆ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಗೌರವಿಸಿದ್ದು 2018ರಲ್ಲಿ, ಅವರು ತೀರಿಕೊಂಡು ಸುಮಾರು ನಲವತ್ತೈದು ವರ್ಷಗಳಾದ ಮೇಲೆ.

● ಟೆಕ್ಸಸ್‌ನ ಬಡಿ ಹಾಲಿ ದಪ್ಪ ಚೌಕಟ್ಟಿನ ಕನ್ನಡಕ ಹಾಕಿಕೊಂಡು, ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ನುಡಿಸುತ್ತಾ ಹಾಡುತ್ತಿದ್ದರು. 1957ರ ಡಿಸೆಂಬರ್ 1ರಂದು ಅವರ 'ಕ್ರಿಕೆಟ್ಸ್' ತಂಡ ಎಡ್ ಸುಲ್ಲಿವನ್ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ ಆ ಗಿಟಾರಿನ ಆಕಾರ ಮನೆಮನೆಗೆ ಪರಿಚಯವಾಯಿತು. ತಾವೇ ಹಾಡು ಕಟ್ಟಿ, ತಾವೇ ನುಡಿಸಿ, ತಾವೇ ಹಾಡುವ ಬ್ಯಾಂಡಿನ ಮಾದರಿ ಲಿವರ್‌ಪೂಲಿನ ಹುಡುಗರಿಗೆ ಸಿಕ್ಕಿದ್ದು ಅವರಿಂದಲೇ. ಕೀಟದ ಹೆಸರಿಟ್ಟುಕೊಂಡ ಆ ಹುಡುಗರೇ ಬೀಟಲ್ಸ್.

● 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಬೀಟಲ್ಸ್ ಎದುರು ಸುಮಾರು 55,600 ಜನ ಸೇರಿದ್ದರು. ಗಿಟಾರುಗಳಿಗೆ ಇದ್ದದ್ದು 100 ವ್ಯಾಟಿನ ಆಂಪ್ಲಿಫೈಯರ್‌ಗಳು. ಹಾಡು ಕೇಳಿಸಬೇಕಾಗಿದ್ದದ್ದು ಬೇಸ್‌ಬಾಲ್ ಪ್ರಕಟಣೆಗೆ ಹಾಕಿದ್ದ ಸ್ಪೀಕರ್‌ಗಳಲ್ಲಿ. ಅಭಿಮಾನಿಗಳ ಕಿರುಚಾಟದಲ್ಲಿ ತಾವು ಹಾಡಿದ್ದು ತಮಗೇ ಕೇಳಿಸದಾಯಿತು. ಆಗ ಕಿವಿಗಿಂತ ಕೈಯ ಅಭ್ಯಾಸವೇ ಅವರನ್ನು ಕಾಪಾಡಿತು.

ಕೈಯ ಲೆಕ್ಕ, ಕೊರಳ ಲೆಕ್ಕ

● ಹಾಡುತ್ತಾ ನುಡಿಸಲು ಕಲಿಯುವವರು ಸಾಮಾನ್ಯವಾಗಿ ಮೊದಲು ಪಳಗಿಸುವುದು ಕೈಯನ್ನು. ಯೋಚಿಸದೆಯೇ ಕೈ ಓಡುವಷ್ಟು ರೂಢಿಯಾದ ಮೇಲೆ ಮಾತಿಲ್ಲದೆ ರಾಗ ಗುನುಗುತ್ತಾರೆ. ಸಾಹಿತ್ಯ ಸೇರುವುದು ಕೊನೆಗೆ. ಪದದ ಒತ್ತು ಒಂದು ಕಡೆ, ತಂತಿಯ ಏಟು ಇನ್ನೊಂದು ಕಡೆ ಬೀಳುವ ಹಾಡುಗಳಲ್ಲಿ ನುರಿತವರೂ ಬೆವರುತ್ತಾರೆ.

● ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ನಿಲ್ಲಿಸುತ್ತಿದ್ದರು, ಗಿಟಾರ್ ನುಡಿಸುವಾಗ ಹಾಡು ನಿಲ್ಲಿಸುತ್ತಿದ್ದರು. ಎರಡನ್ನೂ ಒಟ್ಟಿಗೆ ಮಾಡಲು ತಮಗೆ ಬರುವುದಿಲ್ಲ ಎಂದು ಅವರೇ ಹೇಳಿಕೊಂಡಿದ್ದಾರೆ. ಐರ್ಲೆಂಡಿನ ಯು2 ತಂಡದ 1988ರ 'ರ್ಯಾಟಲ್ ಅಂಡ್ ಹಮ್' ಚಿತ್ರದಲ್ಲಿ ತಮಗೆ ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಸರಿಯಾಗಿ ಬರುವುದಿಲ್ಲ ಎಂದು ಕಿಂಗ್ ಆ ತಂಡದ ಗಾಯಕ ಬೊನೊ ಅವರಿಗೆ ಹೇಳುವುದನ್ನೂ ನೋಡಬಹುದು. ಕೊರಳು ಕೇಳಿದ್ದಕ್ಕೆ ತಂತಿ ಉತ್ತರಿಸುವ ಕಿಂಗ್ ಅವರ ಸೊಗಸಾದ ಶೈಲಿ ಹುಟ್ಟಿದ್ದು ಈ ಇತಿಮಿತಿಯಿಂದಲೇ.

● ಮೆಟಾಲಿಕಾದ ಜೇಮ್ಸ್ ಹೆಟ್‌ಫೀಲ್ಡ್ ಇದಕ್ಕೆ ತದ್ವಿರುದ್ಧ. 'ಮಾಸ್ಟರ್ ಆಫ್ ಪಪೆಟ್ಸ್' ಹಾಡಿನ ವೇಗ ನಿಮಿಷಕ್ಕೆ 200 ಬಡಿತಗಳಿಗೂ ಹೆಚ್ಚು. ಅದರ ಮುಖ್ಯ ಭಾಗದಲ್ಲಿ ಅವರು ತಂತಿ ಮೀಟುವ ಪಿಕ್ಕನ್ನು ಮೇಲೆ-ಕೆಳಗೆ ಆಡಿಸದೆ, ಪ್ರತಿ ಏಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾರೆ. ದನಿಗೆ ಆ ಗಡಸು ಬರುವುದು ಹಾಗೆ. ಮಣಿಕಟ್ಟು ಸೋಲುವಂಥ ಆ ಕೆಲಸದ ಮೇಲೆ ಗಂಟಲು ಬಿಚ್ಚಿ ಹಾಡುವುದೂ ಅವರ ಪಾಲಿಗೇ.

● 'ದ ಕ್ಲ್ಯಾಶ್' ತಂಡದ ಜೋ ಸ್ಟ್ರಮ್ಮರ್ ಆ ಹೆಸರು ಇಟ್ಟುಕೊಂಡದ್ದೇ ಆರೂ ತಂತಿಗಳನ್ನು ಒಟ್ಟಿಗೆ ಬಾರಿಸುವ ತಮ್ಮ ರೀತಿಯಿಂದ. ಆ ರಭಸಕ್ಕೆ ಬಲ ಮುಂಗೈ ತರಚಿ ಗಾಯವಾಗುತ್ತಿತ್ತು. ಅದಕ್ಕೆಂದೇ ಕೈಗೆ ಪಟ್ಟಿ ಸುತ್ತಿಕೊಂಡು ವೇದಿಕೆ ಏರುತ್ತಿದ್ದರು.

● ನಮ್ಮ ಗಾಯಕರು ತಮ್ಮ ಕಂಠಕ್ಕೆ ಒಗ್ಗುವ ಶ್ರುತಿಗೆ ತಂಬೂರಿ ಕೂಡಿಸಿಕೊಳ್ಳುವಂತೆ ರಾಕ್ ಗಾಯಕರೂ ಗಿಟಾರಿನ ಶ್ರುತಿ ಇಳಿಸಿಕೊಳ್ಳುತ್ತಾರೆ. ಜಿಮಿ ಹೆಂಡ್ರಿಕ್ಸ್ ಎಷ್ಟೋ ಹಾಡುಗಳಿಗೆ ಅರ್ಧ ಸ್ವರ ಇಳಿಸುತ್ತಿದ್ದರು. ಮೆಟಾಲಿಕಾ ಕೂಡ 1990ರ ದಶಕದ ನಡುವಿನಿಂದೀಚೆಗೆ ವೇದಿಕೆಯಲ್ಲಿ ಹೀಗೇ ಮಾಡುತ್ತಾ ಬಂದಿದೆ. ಇದರಿಂದ ಮೇಲಿನ ಸ್ವರ ಮುಟ್ಟಲು ಗಂಟಲಿಗೆ ಶ್ರಮ ಕಡಿಮೆ.

● ಕೆನಡಾದ 'ರಶ್' ತಂಡದಲ್ಲಿ ಇದ್ದವರು ಮೂವರೇ. ಗೆಡ್ಡಿ ಲೀ ಹಾಡುತ್ತಿದ್ದರು, ಬೇಸ್ ಗಿಟಾರ್ ನುಡಿಸುತ್ತಿದ್ದರು, ಕೀಬೋರ್ಡಿಗೂ ಕೈ ಹಾಕುತ್ತಿದ್ದರು. ಸಾಲದ್ದಕ್ಕೆ ಕಾಲಿನಿಂದ ಪೆಡಲ್ ಒತ್ತಿ ಕೆಳಸ್ವರಗಳನ್ನೂ ಹೊರಡಿಸುತ್ತಿದ್ದರು.

● ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಎಂದರೆ ಪಿಯಾನೊ ನೆನಪಾಗುತ್ತದೆ. ಆದರೆ 1979ರ 'ಕ್ರೇಜಿ ಲಿಟಲ್ ಥಿಂಗ್ ಕಾಲ್ಡ್ ಲವ್' ಹಾಡನ್ನು ಅವರು ಮ್ಯೂನಿಕ್ಕಿನ ಹೋಟೆಲಿನಲ್ಲಿ ಗಿಟಾರ್ ಹಿಡಿದು ಕಟ್ಟಿದರು. ಗೊತ್ತಿದ್ದದ್ದು ಕೆಲವೇ ಕಾರ್ಡ್‌ಗಳಾದ್ದರಿಂದ ಹಾಡು ಸರಳವಾಗಿ, ಚುರುಕಾಗಿ ಬಂತು. ಅಮೆರಿಕದಲ್ಲಿ ತಂಡಕ್ಕೆ ಮೊದಲ ನಂಬರ್ ಒನ್ ಸ್ಥಾನ ತಂದುಕೊಟ್ಟಿತು. 1985ರ ಜುಲೈ 13ರ ಲೈವ್ ಏಡ್ ವೇದಿಕೆಯಲ್ಲೂ ಈ ಹಾಡಿಗೆ ಅವರು ಗಿಟಾರ್ ಹಿಡಿದೇ ನಿಂತರು. ಈ ಗಾಯಕರ ಶಾಲೆಯ ದಿನಗಳು ಕಳೆದದ್ದು ಮಹಾರಾಷ್ಟ್ರದ ಪಂಚಗಣಿಯಲ್ಲಿ.

ಎಡ-ಬಲ

● ಎಡಚರಾಗಿದ್ದ ಹೆಂಡ್ರಿಕ್ಸ್ ಬಲಗೈಯವರಿಗೆಂದು ಮಾಡಿದ ಸ್ಟ್ರಾಟೊಕ್ಯಾಸ್ಟರನ್ನೇ ತಿರುವಿ ಹಿಡಿದು, ತಂತಿಗಳ ಕ್ರಮ ಬದಲಿಸಿಕೊಂಡು ನುಡಿಸುತ್ತಿದ್ದರು. ತಮ್ಮ ಕಂಠದ ಬಗ್ಗೆ ಅವರಿಗೆ ಬಲು ಅಳುಕು. ಆದರೂ 1969ರ ವುಡ್‌ಸ್ಟಾಕ್ ಉತ್ಸವಕ್ಕೆ ಸೋಮವಾರ ಬೆಳಿಗ್ಗೆ ಮುಕ್ತಾಯ ಹಾಡಿದ್ದು ಅವರ ಕಛೇರಿಯೇ.

● ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ ಮತ್ತು ಜೋ ಸ್ಟ್ರಮ್ಮರ್ ಇಬ್ಬರೂ ಎಡಚರೇ. ಆದರೆ ನುಡಿಸಿದ್ದು ಬಲಗೈಯವರ ರೀತಿಯಲ್ಲಿ. ನಾಫ್ಲರ್ ಪಿಕ್ ಬದಿಗಿಟ್ಟು ಬೆರಳುಗಳಿಂದಲೇ ಮೀಟುತ್ತಾರೆ. ಹಾಡಿನ ಸಾಲು ಮುಗಿದ ಬಿಡುವಿನಲ್ಲಿ ಅವರ ಗಿಟಾರ್ ಮಾತು ಮುಂದುವರಿಸುವುದನ್ನು 2005ರಲ್ಲಿ ಬೆಂಗಳೂರಿನ ಕೇಳುಗರೂ ಎದುರಿಗೇ ಕೇಳಿದ್ದಾರೆ.

● ಬೀಟಲ್ಸ್‌ನ ಎಡಚ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡ ಹಾಫ್ನರ್ ಬೇಸ್ ಪಿಟೀಲಿನ ಆಕಾರದ್ದು. ಎರಡೂ ಬದಿ ಒಂದೇ ಸಮ ಇದ್ದುದರಿಂದ ಎಡಗೈಗೆ ತಿರುಗಿಸಿದರೂ ವಕ್ರವಾಗಿ ಕಾಣುತ್ತಿರಲಿಲ್ಲ. 1972ರಲ್ಲಿ ಕಳುವಾದ ಆ ವಾದ್ಯ ಅರ್ಧ ಶತಮಾನದ ನಂತರ ಸಿಕ್ಕಿತು. 2024ರ ಡಿಸೆಂಬರಿನಲ್ಲಿ ಲಂಡನ್ನಿನ ವೇದಿಕೆಯಲ್ಲಿ ಅವರು ಅದನ್ನು ಮತ್ತೆ ನುಡಿಸಿದರು.

ತುಟಿಗೆ ಮೈಕು, ಕೈಗೆ ತಂತಿ

● ಹಾಡುತ್ತಾ ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಒಂದು ಅಪಾಯ ಕಾದಿರುತ್ತಿತ್ತು. ಗಿಟಾರಿನ ತಂತಿಗಳಿಗೆ ಆಂಪ್ಲಿಫೈಯರಿನ ಅರ್ಥಿಂಗ್ ಜೊತೆ ಸಂಪರ್ಕ. ಮೈಕಿನ ಲೋಹದ ಜಾಲರಿಗೆ ಸಭಾಂಗಣದ ಧ್ವನಿವ್ಯವಸ್ಥೆಯ ಅರ್ಥಿಂಗ್ ಜೊತೆ ಸಂಪರ್ಕ. ಎರಡರಲ್ಲಿ ಒಂದು ಕೆಟ್ಟಿದ್ದರೆ ಕೈಯಿಂದ ತುಟಿಗೆ ಕರೆಂಟು ಹರಿದುಬಿಡುತ್ತದೆ.

● 1965ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ಅವರ ಗಿಟಾರ್ ಮೈಕ್ ಸ್ಟ್ಯಾಂಡಿಗೆ ತಗುಲಿ ಅವರು ಪ್ರಜ್ಞೆ ತಪ್ಪಿ ಬಿದ್ದರು. ದಪ್ಪ ರಬ್ಬರ್ ಅಟ್ಟೆಯ ಬೂಟು ಜೀವ ಉಳಿಸಿತು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ: 'ಸ್ಟೋನ್ ದ ಕ್ರೋಸ್' ತಂಡದ ಲೆಸ್ ಹಾರ್ವಿ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ವೇದಿಕೆ ಮೇಲೆಯೇ ಶಾಕ್ ಹೊಡೆದು ತೀರಿಕೊಂಡರು.

● ವೈರ್‌ಲೆಸ್ ವ್ಯವಸ್ಥೆ ಬಂದ ಮೇಲೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೇಬಲ್ಲೇ ಇಲ್ಲ. ಹಾಗಾಗಿ ಕರೆಂಟು ಹರಿಯುವ ಆ ದಾರಿಯೂ ಮುಚ್ಚಿತು. ಗಾಯಕರು ವೇದಿಕೆಯ ತುದಿಯವರೆಗೆ ಓಡಾಡುವ ಸ್ವಾತಂತ್ರ್ಯವನ್ನೂ ಪಡೆದರು.

● 2007ರ ಫೆಬ್ರವರಿ 4ರಂದು ಮಯಾಮಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಸೂಪರ್ ಬೌಲ್ ಪಂದ್ಯದ ವಿರಾಮದಲ್ಲಿ ಗಾಯಕ ಪ್ರಿನ್ಸ್ ಹಾಡಬೇಕಿತ್ತು. ಧೋ ಎಂದು ಮಳೆ. ಇನ್ನೂ ಜೋರಾಗಿ ಮಳೆ ಬರಿಸಲು ಸಾಧ್ಯವೇ ಎಂದು ಪ್ರಿನ್ಸ್ ಕೇಳಿದರೆಂದು ಕಾರ್ಯಕ್ರಮದ ನಿರ್ಮಾಪಕ ಡಾನ್ ಮಿಷರ್ ನೆನಪಿಸಿಕೊಂಡಿದ್ದಾರೆ. ಜಾರುವ ನೆಲದ ಮೇಲೆ ಒಂದಾದ ಮೇಲೊಂದು ಗಿಟಾರ್ ಬದಲಿಸುತ್ತಾ ಅವರು ಹಾಡಿ ಮುಗಿಸಿದರು.

ಮೈ ಕೈಕೊಟ್ಟಾಗ

● 1992ರ ಆಗಸ್ಟ್ 8, ಮಾಂಟ್ರಿಯಲ್. ಹಾಡಿನ ನಡುವೆ ಬೆಂಕಿಯ ಬುಗ್ಗೆ ಎಲ್ಲಿ ಏಳುತ್ತದೆಂಬ ಗೊಂದಲದಲ್ಲಿ ಹೆಟ್‌ಫೀಲ್ಡ್ ಅದರ ಮೇಲೆಯೇ ನಿಂತುಬಿಟ್ಟರು. ಎಡಗೈ ತೀವ್ರವಾಗಿ ಸುಟ್ಟಿತು. ಅದೇ ತಿಂಗಳಲ್ಲಿ ಪ್ರವಾಸ ಮತ್ತೆ ಶುರುವಾಯಿತು: ಕೈಗೆ ಬ್ಯಾಂಡೇಜು ಸುತ್ತಿಕೊಂಡು ಅವರು ಹಾಡಿದರು, ಅವರ ಗಿಟಾರ್ ಭಾಗವನ್ನು ಗಿಟಾರ್ ವಾದಕ ಜಾನ್ ಮಾರ್ಷಲ್ ನುಡಿಸಿದರು. 1986ರಲ್ಲಿ ಸ್ಕೇಟ್‌ಬೋರ್ಡಿನಿಂದ ಬಿದ್ದು ಹೆಟ್‌ಫೀಲ್ಡ್ ಮಣಿಕಟ್ಟು ಮುರಿದುಕೊಂಡಾಗಲೂ ಕೈ ಜೋಡಿಸಿದ್ದವರು ಇದೇ ಮಾರ್ಷಲ್. ಗಾಯಕರ ಗಿಟಾರ್ ಭಾಗವಿಲ್ಲದೆ ಆ ಹಾಡುಗಳು ನಡೆಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

● ಫೂ ಫೈಟರ್ಸ್‌ನ ಡೇವ್ ಗ್ರೋಲ್ 2015ರ ಜೂನ್ 12ರಂದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ವೇದಿಕೆಯಿಂದ ಬಿದ್ದು ಕಾಲು ಮುರಿದುಕೊಂಡರು. ಕಾಲಿಗೆ ಕಟ್ಟು ಹಾಕಿಸಿಕೊಂಡು ಮರಳಿ ಬಂದು, ಕೂತೇ ಕಛೇರಿ ಮುಗಿಸಿದರು. ಮುಂದಿನ ಕಛೇರಿಗಳಿಗೆ ಗಿಟಾರುಗಳನ್ನು ಜೋಡಿಸಿದ ಸಿಂಹಾಸನವನ್ನೇ ಮಾಡಿಸಿಕೊಂಡರು. ಮರುವರ್ಷ ಗನ್ಸ್ ಅಂಡ್ ರೋಸಸ್‌ನ ಆಕ್ಸೆಲ್ ರೋಸ್ ಕಾಲು ಮುರಿದುಕೊಂಡಾಗ ಆ ಸಿಂಹಾಸನ ಅವರಿಗೆ ಕಡ ಹೋಯಿತು.

● 2014ರ ನವೆಂಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಸೈಕಲ್ಲಿನಿಂದ ಬಿದ್ದ ಯು2ನ ಬೊನೊ, ಇನ್ನೆಂದೂ ಗಿಟಾರ್ ನುಡಿಸಲಾಗದೇ ಹೋಗಬಹುದು ಎಂದು ಅಭಿಮಾನಿಗಳಿಗೆ ಬರೆದರು. ಆದರೆ ಮರುವರ್ಷವೇ ವಿಶ್ವಪ್ರವಾಸ ಹೊರಟಿತು. ಮುಖ್ಯ ಗಿಟಾರ್ ಎಂದಿನಂತೆ ತಂಡದ ಗಿಟಾರ್ ವಾದಕ ದಿ ಎಡ್ಜ್ ಕೈಯಲ್ಲಿತ್ತು.

ವಾದ್ಯಗಳ ಬಾಳು

● ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1970ರ ದಶಕದ ಆರಂಭದಲ್ಲಿ 185 ಡಾಲರಿಗೆ ಕೊಂಡ ಹಳೆಯ ಫೆಂಡರ್ ಗಿಟಾರ್, 1975ರ 'ಬಾರ್ನ್ ಟು ರನ್' ಆಲ್ಬಮ್ಮಿನ ಹೊದಿಕೆಯಲ್ಲಿ ಅವರೊಂದಿಗೆ ನಿಂತಿದೆ. ಒಳಗಿನ ಮರ ಕೊರೆದಿದ್ದರಿಂದ ಅದು ಬಲು ಹಗುರ. ಹಗುರವಾಗಿರುವುದು ಏಕೆ ಮುಖ್ಯ ಎಂದರೆ, 2012ರಲ್ಲಿ ಹೆಲ್ಸಿಂಕಿಯಲ್ಲಿ ಅವರ ಒಂದು ಕಛೇರಿ ನಾಲ್ಕು ಗಂಟೆ ಮೀರಿ ನಡೆಯಿತು.

● ನಿರ್ವಾಣ ತಂಡದ ಕರ್ಟ್ ಕೊಬೈನ್ 1993ರ ನವೆಂಬರ್ 18ರ ಎಂಟಿವಿ 'ಅನ್‌ಪ್ಲಗ್ಡ್' ಕಛೇರಿಗೆ 1959ರ ಮಾರ್ಟಿನ್ ಗಿಟಾರ್ ಹಿಡಿದಿದ್ದರು. ಕಾರ್ಯಕ್ರಮದ ಹೆಸರಿಗೆ 'ವಿದ್ಯುತ್ ಸಂಪರ್ಕವಿಲ್ಲದ' ಎಂಬ ಅರ್ಥವಿದ್ದರೂ ಅವರು ತಮ್ಮ ಆಂಪ್ಲಿಫೈಯರನ್ನು ಬಿಡಲೊಪ್ಪಲಿಲ್ಲ. ಅದು ಕಾಣದಂತೆ ಮುಂದೆ ಸ್ಪೀಕರಿನ ಹಾಗಿರುವ ಪೆಟ್ಟಿಗೆಯನ್ನು ಮರೆಯಾಗಿ ಇಡಲಾಯಿತು. 2020ರಲ್ಲಿ ಆ ಗಿಟಾರ್ 60 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಗಿ ಅಂದಿನ ದಾಖಲೆ ಬರೆಯಿತು.

● ಪಿಂಕ್ ಫ್ಲಾಯ್ಡ್‌ನ ಗಾಯಕ, ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ 2019ರಲ್ಲಿ ತಮ್ಮ 120ಕ್ಕೂ ಹೆಚ್ಚು ಗಿಟಾರುಗಳನ್ನು ಹರಾಜಿಗಿಟ್ಟರು. ಬಂದ 2 ಕೋಟಿ ಡಾಲರಿಗೂ ಮಿಕ್ಕ ಹಣವೆಲ್ಲ ಹವಾಮಾನ ರಕ್ಷಣೆಗೆ ದುಡಿಯುವ 'ಕ್ಲೈಂಟ್ ಅರ್ತ್' ಸಂಸ್ಥೆಗೆ ಹೋಯಿತು.

● ಗ್ರೀನ್ ಡೇ ತಂಡದ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ಎಷ್ಟೋ ಕಛೇರಿಗಳಲ್ಲಿ ಪ್ರೇಕ್ಷಕರ ನಡುವಿನಿಂದ ಒಬ್ಬರನ್ನು ಮೇಲಕ್ಕೆ ಕರೆದು ತಮ್ಮ ಗಿಟಾರ್ ಕೊಟ್ಟು ನುಡಿಸಹೇಳುತ್ತಾರೆ. ಕೆಲವೇ ಕಾರ್ಡ್‌ಗಳ ಹಾಡು. ಹಲವು ಬಾರಿ ಆ ಗಿಟಾರ್ ನುಡಿಸಿದವರಿಗೇ ಉಡುಗೊರೆ.

ನಮ್ಮ ನೆಲದಲ್ಲಿ

● ಮೆಟಾಲಿಕಾ ಭಾರತದಲ್ಲಿ ಮೊದಲು ಹಾಡಿದ್ದು ಬೆಂಗಳೂರಿನಲ್ಲಿ. ದೆಹಲಿ ಬಳಿಯ ಗುರುಗ್ರಾಮದ ಕಛೇರಿ ರದ್ದಾದ್ದರಿಂದ 2011ರ ಅಕ್ಟೋಬರ್ 30ರ ಅರಮನೆ ಮೈದಾನದ ಕಾರ್ಯಕ್ರಮಕ್ಕೆ ಆ ಯೋಗ ಬಂತು.

● ಬೆಂಗಳೂರಿನದೇ ಆದ 'ಥರ್ಮಲ್ ಅಂಡ್ ಎ ಕ್ವಾರ್ಟರ್' ತಂಡ 1996ರಿಂದ ಸ್ವಂತ ಹಾಡುಗಳನ್ನೇ ನೆಚ್ಚಿಕೊಂಡು ಬಂದಿದೆ. ಅದರ ಗಾಯಕ ಬ್ರೂಸ್ ಲೀ ಮಣಿ ಅವರೇ ತಂಡದ ಗಿಟಾರ್ ವಾದಕರು.

● ಮೈಸೂರಿನ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿ ಓದಿದವರು. ನೃತ್ಯ ಕಲಿಯುತ್ತಿದ್ದುದಕ್ಕೆ ಸಹಪಾಠಿಯೊಬ್ಬರು ಗೇಲಿ ಮಾಡಿದಾಗ ಹಟಕ್ಕೆ ಬಿದ್ದು ಗಿಟಾರ್ ಹಿಡಿದೆ ಎಂದು ಅವರು ಹೇಳಿಕೊಂಡಿದ್ದಾರೆ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ಗಿಟಾರ್ ಬಾರಿಸುತ್ತಾ ಶಿಶುನಾಳ ಶರೀಫರ ತತ್ವಪದಗಳನ್ನು ದೇಶವಿದೇಶಗಳ ವೇದಿಕೆಗೆ ಒಯ್ದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲೂ ಅವರ ತಂಡ ಹಾಡಿತು.

ಮುಂದಿನ ಬಾರಿ ಬ್ಯಾಂಡಿನ ಕಛೇರಿಗೆ ಹೋದಾಗ ಗಾಯಕರ ಮುಖವನ್ನಷ್ಟೇ ನೋಡಬೇಡಿ. ಉದ್ದನೆಯ ಸ್ವರ ಹಿಡಿದಾಗ ಅವರ ಬಲಗೈ ನಿಲ್ಲುತ್ತದೆಯೇ, ಓಡುತ್ತದೆಯೇ ಗಮನಿಸಿ. ಅವರು ಗಿಟಾರ್ ಕೆಳಗಿಟ್ಟು ಹಾಡುವ ಹಾಡಿನಲ್ಲಿ ತಂಡದ ನಡೆ ಹೇಗೆ ಬದಲಾಗುತ್ತದೆ, ಕಿವಿಗೊಟ್ಟು ಕೇಳಿ. ಹಾಡು ಕಟ್ಟುವ ಕೆಲಸದಲ್ಲಿ ಆ ಕೈಯ ಪಾಲು ಎಷ್ಟು ದೊಡ್ಡದು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.